ಹವಾ ಮಷೀನು ಕೊಂಡದ್ದು

ಹೋದ ದೀಪಾವಳಿ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಐಟಿಐ ಮಾಡಿ, ಉಮರ್ಗಾದ ಹೈವೇ ಬದಿಯ ಗ್ಯಾರೇಜಿನಲ್ಲಿ ಮೂರು ವರ್ಷ ದುಡಿದವನು. ಈಗ ನಿಲಂಗಾ ಕಡೆಯ ತನ್ನ ಹಳ್ಳಿಯಲ್ಲಿ, ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಸ್ವಂತ ಗ್ಯಾರೇಜು ತೆರೆಯುವ ಆಸೆ.

"ಗುರುಗಳೇ, ಪಾನಾ-ಪಕ್ಕಡ ಎಲ್ಲಾ ಅದಾವ್ರಿ. ಹವಾ ಮಷೀನ್ ಒಂದು ಆದ್ರ ಸಾಕು. ಉಮರ್ಗಾದಾಗ ಹಳೇದೊಂದು ಒಂಬತ್ತು ಸಾವಿರಕ್ಕ ಸಿಗಲಿಕತ್ತದ. ನೀವೊಮ್ಮೆ ನೋಡ್ರಿ" ಎಂದ.

ನಾವೇನು ಮೆಕ್ಯಾನಿಕ್ ಅಲ್ಲ. ಆದರೆ ಈ ಯಂತ್ರದಿಂದ ನಮಗೂ ಒಮ್ಮೆ ಪೆಟ್ಟು ಬಿದ್ದದ್ದು ಅವನಿಗೆ ಗೊತ್ತಿತ್ತು. ಬೈಕಿಗೆ ಹವಾ ತುಂಬಲು, ಕೂಲರಿನ ಧೂಳು ಹೊಡೆಯಲು ಆಗುತ್ತದೆಂದು ನಾವೊಂದು ಚಿಕ್ಕ ಕಂಪ್ರೆಸರ್ ತಂದಿದ್ದೆವು. ಮೈಮೇಲೆ "ಪೀಕ್ 2.5 ಎಚ್‌ಪಿ" ಎಂದು ಕೆಂಪು ಚೀಟಿ. ಹವಾ ತುಂಬುವವರೆಗೆ ಚೆನ್ನಾಗಿಯೇ ಇತ್ತು. ಮನೆಯ ಗೇಟಿಗೆ ಬಣ್ಣ ಹೊಡೆಯಲು ಹೋದೆವು ನೋಡಿ, ಎರಡು ನಿಮಿಷಕ್ಕೆ ಗನ್ನು ಉಗುಳತೊಡಗಿತು. ಮೋಟರು ಬಿಡುವಿಲ್ಲದೆ ಓಡಿ ಓಡಿ ಸಂಜೆಗೆ ಸುಟ್ಟ ವಾಸನೆ. ಪೀಕ್ ಎಂದರೆ ಮೋಟರು ಒಂದು ಕ್ಷಣ ಎಳೆಯಬಲ್ಲ ಶಕ್ತಿ, ದಿನವಿಡೀ ದುಡಿಯುವ ಶಕ್ತಿಯಲ್ಲ ಎಂದು ಆಮೇಲೆ ತಿಳಿಯಿತು. 1 ಎಚ್‌ಪಿ ಅಂದರೆ 746 ವ್ಯಾಟ್ ಎಂದು ವರ್ಷ ವರ್ಷ ಮಕ್ಕಳಿಗೆ ಹೇಳುವ ನಾವು, ಆ ಚೀಟಿಯ ಪಕ್ಕದಲ್ಲೇ ಬರೆದಿದ್ದ ವ್ಯಾಟನ್ನು ಓದಿರಲಿಲ್ಲ!

ಇರಲಿ. ಹುಡುಗನ ಜೊತೆ ಉಮರ್ಗಾಕ್ಕೆ ಹೋದೆವು. ಗುಜರಿ ಸಾಮಾನಿಗೆ ಇಲ್ಲಿ ಮರಾಠಿಯಲ್ಲಿ ಭಂಗಾರ ಅನ್ನುತ್ತಾರೆ. ಆ ಭಂಗಾರದ ಅಂಗಡಿಯಲ್ಲಿ ಹೊಸ ಹಸಿರು ಬಣ್ಣ ಬಳಿದ ಟ್ಯಾಂಕಿ ನಿಂತಿತ್ತು. ಕೆಳಗಿನ ನಲ್ಲಿ ತಿರುವಿದರೆ ಕೆಂಪು ಕೆಸರಿನಂಥ ನೀರು ಬಂತು. ಹೊಟ್ಟೆಯ ಕೆಳಗೆ ಕೈಯಾಡಿಸಿದರೆ ವೆಲ್ಡಿಂಗಿನ ತೇಪೆ. ಎಲ್ಲಕ್ಕಿಂತ ಹೆದರಿಸಿದ್ದು ಸೇಫ್ಟಿ ವಾಲ್ವ್: ಅದು ಇರಬೇಕಾದ ಜಾಗದಲ್ಲಿ ಬೋಲ್ಟು ಹಾಕಿ ಬಿಗಿದಿದ್ದರು. ಕಟ್-ಆಫ್ ಸ್ವಿಚ್ಚು ಕೆಟ್ಟು ಮೋಟರು ನಿಲ್ಲದೇ ಹೋದರೆ, ಒಳಗೆ ಏರುವ ಒತ್ತಡಕ್ಕೆ ಹೊರದಾರಿ ಅದೊಂದೇ. ಅದನ್ನೂ ಮುಚ್ಚಿದ ಮೇಲೆ ತುಕ್ಕು ಹಿಡಿದ ಟ್ಯಾಂಕಿ ಬಾಂಬಿಗಿಂತ ಕಡಿಮೆಯಲ್ಲ. ಹಳೆಯ ಟ್ಯಾಂಕಿಯನ್ನು ಗಾಳಿ ತುಂಬಿ ಪರೀಕ್ಷೆ ಮಾಡಬಾರದು, ನೀರು ತುಂಬಿ ಒತ್ತಡ ಕೊಟ್ಟು ನೋಡಬೇಕು. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಹಾಗಾಗಿ ಸೀಳಿದರೂ ಸಿಡಿಯುವುದಿಲ್ಲ. ಹಾಗೆ ಪರೀಕ್ಷಿಸಿದ ಕಾಗದ ಕೇಳಿದಾಗ ಅಂಗಡಿಯವರು ನಕ್ಕರು.

ಹುಡುಗನ ಕಣ್ಣು ಮಾತ್ರ ಒಂಬತ್ತು ಸಾವಿರದ ಮೇಲೇ ಇತ್ತು. ಅವನ ತಾಯಿ ಬೋರಮಾಳ ಒತ್ತೆಯಿಟ್ಟು 25 ಸಾವಿರ ತಂದಿದ್ದಾರೆಂದು ಅಲ್ಲಿ ಬಾಯಿಬಿಟ್ಟ. "ತಮ್ಮಾ, ಅವ್ವನ ಬಂಗಾರ ಇಟ್ಟು ಭಂಗಾರ ತರಬ್ಯಾಡ" ಅಂದೆವು. ನಗಲಿಲ್ಲ, ಆದರೆ ಬೈಕು ತಿರುಗಿಸಿದ.

ಆ ರಾತ್ರಿ ಪಾಟಿ ಹಿಡಿದು ಕೂಡಿಸಿದೆವು. ಏನೇನು ಕೆಲಸ? ಬೈಕಿಗೆ 25ರಿಂದ 35 ಪಿಎಸ್‌ಐ. ಲಾರಿ ಟೈರಿಗೆ 100ರಿಂದ 120 ಬೇಕು, ಆದರೆ ಇವನದು ಒಳರಸ್ತೆ, ಲಾರಿ ಬರುವುದಿಲ್ಲ. ಟ್ರ್ಯಾಕ್ಟರ್ ಬರುತ್ತದೆ. ಅದರ ಹಿಂದಿನ ಗಾಲಿಗೆ ಒತ್ತಡ ಬೈಕಿಗಿಂತ ಕಡಿಮೆ, ಗಾಳಿ ಮಾತ್ರ ಬಹಳ ಹಿಡಿಯುತ್ತದೆ. ಒತ್ತಡವೇ ಬೇರೆ, ಗಾಳಿಯ ಪ್ರಮಾಣವೇ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಪಾಠದ ಪುಸ್ತಕದಲ್ಲೂ ಇಲ್ಲ. ಜೊತೆಗೆ ಆಗೀಗ ಬೈಕಿನ ಟಾಕಿಗೆ, ಮಡ್‌ಗಾರ್ಡಿಗೆ ಬಣ್ಣ.

ಎಲ್ಲರೂ ಮೊದಲು ಕೇಳುವುದು ಟ್ಯಾಂಕಿ ಎಷ್ಟು ಲೀಟರ್ ಎಂದು. ಟ್ಯಾಂಕಿ ಅಂದರೆ ಹೊಲದ ಹೌದ ಇದ್ದ ಹಾಗೆ, ಪಂಪು ಅಂದರೆ ಬೋರು. ಬೋರಿನಲ್ಲಿ ನೀರಿಲ್ಲದೆ ದೊಡ್ಡ ಹೌದ ಕಟ್ಟಿದರೆ ಏನು ಬಂತು? ಹವಾ ತುಂಬಲು ಹೌದ ಸಾಕು, ಬಣ್ಣ ಹೊಡೆಯಲು ಬೋರು ಬೇಕು. ಆ ಬೋರಿನ ಅಳತೆಯೇ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ. ಒಂದು ಘನ ಅಡಿ ಅಂದರೆ ಸುಮಾರು 28 ಲೀಟರ್. ಚಿಕ್ಕ ಸ್ಪ್ರೇ ಗನ್ನಿಗೂ ನಾಲ್ಕೈದು ಸಿಎಫ್‌ಎಂ ಬೇಕು. ಪಂಪಿನ ಮೇಲೆ ಬರೆಯುವುದು ಹೆಚ್ಚಾಗಿ ಪಿಸ್ಟನ್ ಎಳೆದುಕೊಳ್ಳುವ ಲೆಕ್ಕ. ಕೈಗೆ ಬರುವುದು ಅದರ ಮುಕ್ಕಾಲು ಪಾಲು, ಇಲ್ಲವೇ ಇನ್ನೂ ಕಡಿಮೆ.

ಮರುವಾರ ಉದಗೀರಕ್ಕೆ ಹೋದೆವು. ಅಂಗಡಿಯಲ್ಲಿ ಎಲ್ಲ ಮಾತೂ ಮರಾಠಿ, ಯಂತ್ರದ ಮೇಲಿನ ಬರಹವೆಲ್ಲ ಇಂಗ್ಲಿಷ್. ಹುಡುಗ ಮೊದಲು ನಮ್ಮ ಹಿಂದೆಯೇ ನಿಂತ. ಎರಡು ಯಂತ್ರ ತೋರಿಸಿದರು. ಎರಡೂ 2 ಎಚ್‌ಪಿ, ಸಿಂಗಲ್ ಫೇಸ್, ಬೆಲ್ಟಿನವು, 100 ಲೀಟರ್ ಟ್ಯಾಂಕಿ. ಎರಡರ ಮೇಲೂ 7 ಸಿಎಫ್‌ಎಂ. ಒಂದು 19 ಸಾವಿರ, ಇನ್ನೊಂದು 24. ಐದು ಸಾವಿರ ಯಾವುದಕ್ಕೆ ಹೆಚ್ಚು ಎಂದರೆ "ಕಂಪನಿ ಮಾಲು" ಎಂಬ ಉತ್ತರ.

ಆಗ ಹುಡುಗ ಮುಂದೆ ಬಂದು ಎರಡನ್ನೂ ಖಾಲಿ ಮಾಡಿ ಚಾಲೂ ಮಾಡಿರೆಂದು ಮರಾಠಿಯಲ್ಲೇ ಹೇಳಿ, ಮೊಬೈಲಿನಲ್ಲಿ ಸಮಯ ಹಿಡಿದ. 8 ಬಾರ್ ಮುಟ್ಟಲು ಒಂದಕ್ಕೆ 6 ನಿಮಿಷ, ಅಗ್ಗದ್ದಕ್ಕೆ 9. ನೂರು ಲೀಟರಿನ ಟ್ಯಾಂಕಿಯಲ್ಲಿ 8 ಬಾರ್ ಅಂದರೆ ಹೊರಗಿನ ಗಾಳಿ 800 ಲೀಟರ್. ಆರರಿಂದ ಭಾಗಿಸಿದರೆ ನಿಮಿಷಕ್ಕೆ 133, ಹೆಚ್ಚುಕಡಿಮೆ 4.7 ಸಿಎಫ್‌ಎಂ. ಒಂಬತ್ತರಿಂದ ಭಾಗಿಸಿದರೆ 89, ಮೂರರ ಮೇಲೆ ಚೂರು. ರಟ್ಟಿನ ಮೇಲೆ ಈ ಲೆಕ್ಕ ಮಾಡುವಾಗ "ಭಾಗಲಬ್ಧ" ಎಂದು ಬಾಯಲ್ಲೇ ಗೊಣಗುತ್ತಿದ್ದ. ಅಂಗಡಿಯವರು ರಟ್ಟನ್ನು ತೆಗೆದುಕೊಂಡು ಎರಡು ಸಲ ನೋಡಿದರು. ಯಾವ ಶಾಲೆ ಎಂದು ಕೇಳಿದರು. ನಾವು ಸುಮ್ಮನಿದ್ದೆವು, ಅವನೇ ಹೇಳಿದ.

24 ಸಾವಿರದ್ದನ್ನೇ ಕೊಂಡ. ಮೋಟರು ನಿಂತಾಗ "ಪುಸ್" ಎಂದು ಪಂಪಿನ ತಲೆಯ ಗಾಳಿ ಹೊರಹೋಗುತ್ತದೋ ಇಲ್ಲವೋ ಅದನ್ನೂ ಕೇಳಿಸಿಕೊಂಡೆವು. ಅದು ಹೋಗದಿದ್ದರೆ ಮರಳಿ ಚಾಲೂ ಆಗುವಾಗ ಮೋಟರಿಗೆ ಭಾರ, ಅದರಲ್ಲೂ ವೋಲ್ಟೇಜು ಇಳಿಯುವ ಹಳ್ಳಿಗಳಲ್ಲಿ. ನಟ್ಟು ಬಿಚ್ಚುವ ಗನ್ನು ಸದ್ಯಕ್ಕೆ ಬೇಡವೆಂದು ಬಿಟ್ಟು, ಆ ಹಣ ವೈರಿಂಗಿಗೆ ಹಾಕಿದ: 4 ಚದರ ಮಿ.ಮೀ. ತಾಮ್ರದ ತಂತಿ, ಬೇರೆ ಎಂಸಿಬಿ, ಅರ್ಥಿಂಗ್. ಗ್ಯಾರೇಜಿನ ಮೀಟರಿಗೆ ಬೇರೆ ಅರ್ಜಿ ಕೊಟ್ಟಿದ್ದಾನೆ.

ಬರುವಾಗ ದಾರಿಯಲ್ಲಿ ಕಿರ್ಲೋಸ್ಕರರ ಕಥೆ ಹೇಳಿದೆವು. ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯಿಂದ ಶುರು ಮಾಡಿದ್ದು 1888ರಲ್ಲಿ. ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದೂ ಅದೇ ವರ್ಷ. ಅದೇ ಮನೆತನದವರು 1958ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ನ್ಯುಮ್ಯಾಟಿಕ್ ಎಂಬ ಕಂಪ್ರೆಸರ್ ಕಂಪನಿ ತೆರೆದರು. ಹುಡುಗ "ಹೌದೇನ್ರಿ" ಅಂದ, ಅವನ ಲಕ್ಷ್ಯವೆಲ್ಲ ಹಿಂದಿನ ಟೆಂಪೋದಲ್ಲಿ ಹಗ್ಗ ಸಡಿಲಾಗಿದೆಯೋ ಏನೋ ಎಂಬುದರ ಮೇಲಿತ್ತು.

ಕಳೆದ ರವಿವಾರ ಹೋಗಿದ್ದೆವು. ಊರ ಹುಡುಗರು ಪೈಪು ಹಿಡಿದು ಒಬ್ಬರ ಮೈಗೊಬ್ಬರು ಗಾಳಿ ಬಿಡುವ ಆಟಕ್ಕಿಳಿದಿದ್ದರು, ಗದರಿಸಿ ಬಿಡಿಸಿದೆವು. ಆ ಗಾಳಿ ದೇಹದೊಳಗೆ ಹೊಕ್ಕರೆ ಕರುಳು ಹರಿದು ಜೀವ ಹೋಗಬಹುದು, ಶಾಲೆಗಳಲ್ಲೂ ಇದನ್ನು ಮಕ್ಕಳಿಗೆ ಹೇಳಬೇಕು. ಸಂಜೆ ಅವನ ತಾಯಿ ಬಂದು ಟ್ಯಾಂಕಿಯ ಕೆಳಗಿನ ನಲ್ಲಿ ತಿರುವಿದರು. ದಿನವೂ ನೀರು ಬಿಡುವ ಕೆಲಸ ಅವರದಂತೆ. ಲೋಟದಷ್ಟು ನೀರು ಬಂತು.

"ಗಾಳಿ ತುಂಬಿದ್ರ ನೀರ ಎಲ್ಲಿಂದ ಬರ್ತದೋ ಯಪ್ಪಾ?" ಎಂದು ಕೇಳಿದರು.

ಹುಡುಗ ಕೈ ಒರೆಸಿಕೊಂಡು, ಗಾಳಿಯೊಳಗಿನ ಆವಿ, ಒತ್ತಿದಾಗ ಏರುವ ಕಾವು, ತಣ್ಣಗಾದಾಗ ಇಳಿಯುವ ಹನಿ, ಎಲ್ಲವನ್ನೂ ಹೇಳತೊಡಗಿದ. ನಾವು ಚಹಾ ಆರುವವರೆಗೂ ಕೇಳುತ್ತ ಕೂತೆವು.