ಹೊಲಿಗೆ ಹಾಕಿದ ದೆವ್ವ

ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಕೇಳುವುದು ಹೇಗೆಂದು ಯಾರೂ ಕಲಿಸುವುದಿಲ್ಲ. ‘ಒಂದು ಗವಿ ಇತ್ರಿ, ಅದರಾಗ ಒಬ್ಬ ರಾಕ್ಷಸ ಇದ್ದಾರಿ’ ಎಂದು ಶುರುಮಾಡಿದರೆ ಗ್ರಂಥಾಲಯದವರು ಮೊದಲು ನನ್ನ ನರೆಗೂದಲು ನೋಡುತ್ತಾರೆ, ಆಮೇಲೆ ಮಕ್ಕಳ ವಿಭಾಗದ ಕಡೆ ಬೆರಳು ಮಾಡುತ್ತಾರೆ. ಬರೆದವರು ಯಾರು? ಗೊತ್ತಿಲ್ಲ. ಪ್ರಕಾಶಕರು? ಗೊತ್ತಿಲ್ಲ. ಮುಖಪುಟದ ಮೇಲೆ ಏನಿತ್ತು? ಅದೊಂದು ಚೆನ್ನಾಗಿ ನೆನಪಿದೆ. ಲಕ್ಷ್ಮಿ ಇದ್ದಳು. ಎರಡೂ ಬದಿಗೆ ಆನೆ, ಕೆಳಗೆ ಕಿರಾಣಿ ಅಂಗಡಿಯ ಹೆಸರು. ಇಷ್ಟು ಹೇಳಿದ ಮೇಲೆ ಅವರು ಮುಂದಿನವರನ್ನು ಕರೆಯುತ್ತಾರೆ.

ನಾವು ಬೆಳೆದದ್ದು ಗೋಕಾಕ ಫಾಲ್ಸಿನ ಗಿರಣಿ ಚಾಳಿನಲ್ಲಿ. ಘಟಪ್ರಭೆ ಅಲ್ಲಿ ಕುದುರೆಲಾಳದ ಆಕಾರದ ಬಂಡೆಯಿಂದ 52 ಮೀಟರ್ ಕೆಳಗೆ ಧುಮುಕುತ್ತಾಳೆ. ಅವಳ ದಡದಲ್ಲಿ 1885ರಲ್ಲಿ ನೂಲಿನ ಗಿರಣಿ ಹುಟ್ಟಿತು. 1887ರಲ್ಲಿ ಅದೇ ನೀರಿನಿಂದ ಕರೆಂಟು ತೆಗೆದರು. ಊರೂರಿನಲ್ಲಿ ಜನ ಚಿಮಣಿ ಹಿಡಿದು ದೆವ್ವಕ್ಕೆ ಹೆದರುತ್ತಿದ್ದ ಕಾಲವದು. ಕರೆಂಟು ಬಂದಲ್ಲಿ ದೆವ್ವ ನಿಲ್ಲುವುದಿಲ್ಲ ಎಂದು ಹಿರಿಯರು ನಮಗೆ ಧೈರ್ಯ ಹೇಳುತ್ತಿದ್ದರು. ಆದರೆ ಆ ಕರೆಂಟು ಹುಟ್ಟಿದ್ದು ಗಿರಣಿಗಾಗಿ. ಚಾಳಿನ ದೆವ್ವಗಳಿಗೆ ಅದರಿಂದ ವಿಶೇಷ ತೊಂದರೆ ಆದಂತಿರಲಿಲ್ಲ.

ಕಾಕಾನ ರಾತ್ರಿಪಾಳಿ ಇದ್ದ ವಾರ ಕಾಕು ನಮ್ಮನ್ನೆಲ್ಲ ಸುತ್ತ ಕೂಡಿಸಿಕೊಂಡು ಆ ಪುಸ್ತಕ ಓದುತ್ತಿದ್ದಳು. ಬೇಸಿಗೆಯಲ್ಲಿ ಅಷ್ಟೇನೂ ಭಯ ಆಗುತ್ತಿರಲಿಲ್ಲ. ಮಳೆಗಾಲದಲ್ಲಿ ಕೆಂಪು ನೀರು ಬಿದ್ದು ಮನೆಯೆಲ್ಲ ಮೊರೆಯತೊಡಗಿದಾಗ ಮಾತ್ರ ರಾಕ್ಷಸ ಪಿಸುಗುಟ್ಟಿದ್ದನ್ನೂ ಕಾಕು ಒದರಿ ಹೇಳಬೇಕಾಗುತ್ತಿತ್ತು. ಒದರಿ ಹೇಳಿದ ಪಿಸುಮಾತಿಗಿಂತ ಭಯಾನಕವಾದದ್ದನ್ನು ನಾನು ಈವರೆಗೆ ಕೇಳಿಲ್ಲ.

ಆ ಕಥೆಗೊಂದು ವಿಚಿತ್ರ ಗುಣವಿತ್ತು. ರಾಜಕುಮಾರ ಗವಿಯ ಒಳಗೆ ಕಾಲಿಡುತ್ತಾನೆ, ಬೆನ್ನ ಹಿಂದೆ ಬಂಡೆ ಮುಚ್ಚಿಕೊಳ್ಳುತ್ತದೆ, ಎರಡು ಕೆಂಪು ಕಣ್ಣು ಹತ್ತಿರ ಬರುತ್ತವೆ. ಪುಟ ತಿರುವಿದರೆ ಅದೇ ರಾಜಕುಮಾರ ಅರಮನೆಯಲ್ಲಿ ಊಟಕ್ಕೆ ಕೂತಿದ್ದಾನೆ!

‘ನಡುವ ಏನಾತು ಕಾಕೂ?’

‘ನೀವ ಹೇಳ್ರಿ,’ ಎಂದು ಕಾಕು ದೀಪ ಆರಿಸುತ್ತಿದ್ದಳು.

ಹೇಳುವ ಕೆಲಸ ಅಣ್ಣನ ಪಾಲಿಗೆ ಬಂತು. ಅವನ ಪ್ರಕಾರ ಗವಿಗೆ ಹಿಂಬಾಗಿಲಿತ್ತು, ಅದರಾಚೆ ಒಂದು ತೂಗುಸೇತುವೆ. ರಾಜಕುಮಾರ ಮುಂದೆ, ರಾಕ್ಷಸ ಹಿಂದೆ, ಹಲಗೆ ಒಂದೊಂದಾಗಿ ಕಳಚಿ ಬೀಳುತ್ತಿದ್ದವು. ಸೇತುವೆ ಎಲ್ಲಿಂದ ಬಂತೆಂದು ಕೇಳುವ ಅಗತ್ಯವೇ ಇರಲಿಲ್ಲ. ಫಾಲ್ಸಿನ ತೂಗುಸೇತುವೆ 201 ಮೀಟರ್ ಉದ್ದ, ಕೆಳಗಿನ ಬಂಡೆಗಳಿಂದ 14 ಮೀಟರ್ ಎತ್ತರ. ಅದರ ಮೇಲೆ ಹೋಗುವಾಗ ನಾವು ಕೆಳಗೆ ನೋಡುತ್ತಿರಲಿಲ್ಲ. ರಾಕ್ಷಸ ಬಿದ್ದದ್ದು ಅಲ್ಲೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ನಿವೃತ್ತಿಯಾದ ಮೇಲೆ ಆ ಪುಸ್ತಕದ ಹುಚ್ಚು ಹಿಡಿಯಿತು. ಬೆಳಗಾವಿಯ ರದ್ದಿ ಅಂಗಡಿಗಳಲ್ಲಿ ಧೂಳು ಕುಡಿದೆ. ಗೆಳೆಯರನ್ನು ಕೇಳಿದರೆ ಎಲ್ಲರೂ ತಮ್ಮ ತಮ್ಮ ದೆವ್ವವನ್ನೇ ನನ್ನ ಕೊರಳಿಗೆ ಕಟ್ಟಿದರು. ಒಬ್ಬನು ‘ತುಳಸಿದಳ’ ಎಂದ. ಅದು ಬರುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ಇನ್ನೊಬ್ಬನು ‘ಚಂದಮಾಮ’ದ ಬೇತಾಳ ಎಂದ. ಬೇತಾಳನಿಗೆ ನಾವೆಂದೂ ಹೆದರಿದವರಲ್ಲ. ಕಥೆ ಹೇಳಿ, ಕೊನೆಗೆ ಪ್ರಶ್ನೆ ಕೇಳಿ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದೀತು ಎನ್ನುವ ಆತ ನಮಗೆ ಗಣಿತದ ಮಾಸ್ತರರಂತೆ ಕಾಣುತ್ತಿದ್ದ.

ಗಂಟು ಬಿಚ್ಚಿದ್ದು ಚಾಳಿನ ಹಳೆಯ ನೆರೆಯಾಕೆ, ಈಗ ತೊಂಬತ್ತರ ಹತ್ತಿರದ ಆಯಿ. ‘ಪುಸ್ತಕ ಎಲ್ಲೀದೋ ತಮ್ಮಾ? ನಿಮ್ಮ ಕಾಕು ಹೊಲದದ್ದು ಅದು!’

ಕಾಕು ತಿಂಗಳು ತಿಂಗಳು ‘ಚಂದಮಾಮ’ದ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ ಇಟ್ಟುಕೊಳ್ಳುತ್ತಿದ್ದಳಂತೆ. ಕಥೆ ಮುಗಿದ ಮೇಲೆ ಗಿರಣಿ ನೂಲನ್ನು ದಬ್ಬಣಕ್ಕೆ ಪೋಣಿಸಿ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಚ್ಚಿದ್ದಳು. ಲಕ್ಷ್ಮಿ ಬಂದದ್ದು ಹಾಗೆ. ನಡುವಿನ ಒಂದು ಸಂಚಿಕೆಯನ್ನು ಯಾರೋ ‘ನಾಳೆ ಕೊಡ್ತೀವ್ರಿ’ ಎಂದು ಒಯ್ದು ಕೊಡಲೇ ಇಲ್ಲ. ಯಾರೆಂದು ಆಯಿ ಹೇಳಲಿಲ್ಲ. ಆದರೆ ಆ ಮಾತು ಬಂದಾಗ ಎದ್ದು ಚಹಾ ಮಾಡಲು ಒಳಗೆ ಹೋದರು.

ಆ ಕಾಲದಲ್ಲಿ ಮನೆಮನೆಯಲ್ಲಿ ಇಂಥ ಪುಸ್ತಕಗಳಿದ್ದವು. ‘ಸುಧಾ’, ‘ಪ್ರಜಾಮತ’, ‘ಕರ್ಮವೀರ’ಗಳ ಧಾರಾವಾಹಿಗಳನ್ನು ಕತ್ತರಿಸಿ ಹೊಲಿಯದ ಅತ್ತಿ-ಕಾಕುಗಳಿರಲಿಲ್ಲ. ಒಂದೊಂದಕ್ಕೂ ಒಂದೇ ಪ್ರತಿ. ಯಾವ ಗ್ರಂಥಾಲಯದವರು ತಾನೇ ಎಲ್ಲಿಂದ ಹುಡುಕಿ ಕೊಟ್ಟಾರು?

‘ಚಂದಮಾಮ’ 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾಗಿ 1949ರಲ್ಲಿ ಕನ್ನಡಕ್ಕೆ ಬಂತು. ಅದರ ಮಾಂತ್ರಿಕ-ರಾಕ್ಷಸರ ಧಾರಾವಾಹಿಗಳನ್ನು ವರ್ಷಗಟ್ಟಲೆ ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಕಥೆಯ ಜೊತೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಆ ರಾಕ್ಷಸರಿಗೆ ಕೋರೆಹಲ್ಲು ಬರೆದವರು ‘ಚಿತ್ರ’ ಎಂದು ಸಹಿ ಹಾಕುತ್ತಿದ್ದ ರಾಘವನ್. ಬೇತಾಳನನ್ನು ಹೆಗಲಿಗೇರಿಸಿದ ಶಂಕರ್ 2020ರಲ್ಲಿ ತೀರಿಕೊಂಡರು. ಮದ್ರಾಸಿನ ವಡಪಳನಿಯಲ್ಲಿ ಕೂತು ಕೆಲವೇ ಮಂದಿ ದೇಶದ ಅರ್ಧ ಮಕ್ಕಳ ನಿದ್ದೆ ಕೆಡಿಸುತ್ತಿದ್ದರು. ನಮ್ಮ ಪಾಲಿಗೆ ದೆವ್ವ ಕಾಕುವಿನದೇ.

ಹಳೆಯ ಸಂಚಿಕೆಗಳು ಈಗ ಕಂಪ್ಯೂಟರಿನ ಪರದೆಯ ಮೇಲೆ ಸಿಗುತ್ತವೆ. ಕಳೆದುಹೋದ ಆ ತಿಂಗಳೂ ಸಿಕ್ಕಿತು. ಧಾರಾವಾಹಿಯ ಹೆಸರು ಹೇಳುವುದಿಲ್ಲ. ನೀವೂ ಹುಡುಕಿ ಓದಿಬಿಟ್ಟೀರಿ. ಗವಿಗೆ ಹಿಂಬಾಗಿಲಿಲ್ಲ, ಸೇತುವೆಯಿಲ್ಲ. ಯಾರೋ ಮುನಿ ಕೊಟ್ಟ ಬೇರನ್ನು ತೋರಿಸಿ ರಾಜಕುಮಾರ ನೆಟ್ಟಗೆ ಹೊರಗೆ ನಡೆದುಬಂದಿದ್ದಾನೆ.

ಅಣ್ಣನಿಗೆ ಫೋನ್ ಹಚ್ಚಿದೆ. ಪೂರ್ತಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಸೇತುವೆ ಇಲ್ಲಾ?’

‘ಇಲ್ಲಣ್ಣಾ.’

‘ಮದ್ರಾಸಿನ್ಯಾಗ ಕುಂತವ್ರಿಗೆ ಹೆಂಗ ಗೊತ್ತಾಗಬೇಕಲೇ? ತಪ್ಪು ಬರದಾರ ಬಿಡು. ನನ್ನ ಮೊಮ್ಮಗ ಈಗ ಸೇತುವೆ ನಡುವ ಬಂದು ನಿಂತಾನ, ಇವತ್ತು ರಾತ್ರಿ ಹಲಗಿ ಬೀಳೂದೈತಿ. ನೀ ಅವನ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು!’