ವೈದ್ಯನ ಕಾಯಕ: ತಮ್ಮನೊಡನೆ ಕಳೆದ ಒಂದು ರಾತ್ರಿ



ಒಂದು ವಚನವನ್ನು ಎತ್ತಿಕೊಂಡು ಅದರ ಶಬ್ದಾರ್ಥ, ಭಾವಾರ್ಥಗಳನ್ನು ನಿವೇದಿಸುವುದು ಈ ಅಂಕಣದ ವಾಡಿಕೆ. ಈ ಬಾರಿ ಆ ವಾಡಿಕೆಯನ್ನು ಮುರಿದು ನನ್ನ ಮನೆಯ ಸಂಗತಿಯೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ಹತ್ತು ವರ್ಷಗಳಿಂದ ಕಾಯಕ, ದಾಸೋಹಗಳೆಂಬ ಎರಡು ಪದಗಳನ್ನು ಬರೆದೂ ಬರೆದೂ ನನ್ನ ಲೇಖನಿ ಸವೆದಿದೆ. ಆ ಪದಗಳ ಅರ್ಥ ನನಗೆ ತಿಳಿದಿರಲಿಲ್ಲವೆಂಬುದು ಅರಿವಾದದ್ದು 2025ರ ಶ್ರಾವಣದ ಒಂದು ರಾತ್ರಿ.

ನಮ್ಮ ಮನೆ ಇರುವುದು ದಾವಣಗೆರೆಯ ಆನೆಕೊಂಡದಲ್ಲಿ. ತಂದೆಯವರು ಹತ್ತಿ ಗಿರಣಿಯ ಕಾರ್ಮಿಕರಾಗಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಈ ಊರಿನ ಗಿರಣಿಗಳು ಒಂದೊಂದಾಗಿ ನಿಂತ ಕಾಲದಲ್ಲಿ ಅವರ ಗಿರಣಿಯೂ ನಿಂತಿತು. ಆಗ ನನ್ನ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ತಂದೆಯವರು ಲಿಂಗೈಕ್ಯರಾದ ಮೇಲೆ ಅವನಿಗೆ ಎಂ.ಬಿ.ಬಿ.ಎಸ್. ಸೀಟು ದೊರೆಯಿತು. ಶುಲ್ಕ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಬ್ಯಾಂಕಿನಲ್ಲಿ ಮನೆಯ ಪತ್ರ ಒತ್ತೆಯಿಟ್ಟು ಶಿಕ್ಷಣ ಸಾಲ ತೆಗೆದೆವು. ಅವ್ವ ಹೆಬ್ಬೆಟ್ಟು ಒತ್ತಿದರು, ಸಹಸಾಲಗಾರನಾಗಿ ನಾನು ಸಹಿ ಹಾಕಿದೆ. ಬಡ್ಡಿ ಬೆಳೆದು ಆ ಸಾಲ ಇಂದು 24 ಲಕ್ಷಕ್ಕೆ ನಿಂತಿದೆ. ಶೇ. 10ರ ಬಡ್ಡಿಯಲ್ಲಿ, ಹತ್ತು ವರ್ಷದ ಅವಧಿಗೆ, ತಿಂಗಳಿಗೆ ಸುಮಾರು 32 ಸಾವಿರ ರೂಪಾಯಿ ಕಂತು.

ತಮ್ಮ 2021ರಲ್ಲಿ ವೈದ್ಯನಾದ. ವೈದ್ಯ ಪದವೀಧರರು ಒಂದು ವರ್ಷ ಗ್ರಾಮೀಣ ಸೇವೆ ಸಲ್ಲಿಸಬೇಕೆಂಬ 2012ರ ರಾಜ್ಯ ಶಾಸನದಂತೆ ಜಗಳೂರು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಸೇವೆ ಮುಗಿಸಿದ. ಅನಂತರ ಸ್ನಾತಕೋತ್ತರ ಸೀಟು ದೊರೆಯದೆ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿದ.

ಆ ಶ್ರಾವಣದಲ್ಲಿ ಆನೆಕೊಂಡದ ಬಸವೇಶ್ವರನ ಕಾರ್ಣಿಕಕ್ಕೆಂದು ಅವನು ಊರಿಗೆ ಬಂದಿದ್ದ. ರಾತ್ರಿ ಅವ್ವ ಮಲಗಿದ ಮೇಲೆ ಇಬ್ಬರೂ ಜಗುಲಿಯ ಮೇಲೆ ಕುಳಿತೆವು. ಮಂಡಕ್ಕಿ ಪೊಟ್ಟಣ ನಡುವೆ ಇತ್ತು. ಅವನು ಅದನ್ನು ಮುಟ್ಟಲಿಲ್ಲ.

“ಅಣ್ಣಾ, ನಾನು ಇಂಗ್ಲೆಂಡಿಗೆ ಹೋಗ್ತೀನಿ. ಅವ್ವಗೆ ನೀನೇ ಹೇಳು” ಎಂದ.

ನಾನು ಕೂಡಲೇ ಕಾಯಕದ ಮಾತು ತೆಗೆದೆ. ಹುಟ್ಟಿದ ನೆಲದ ಋಣ, ಬಡವರ ಸೇವೆ, ದಾಸೋಹಭಾವ ಎಂದೆಲ್ಲ ಹೇಳಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆಯನ್ನೂ ತಂದೆ. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ. ಮಿಕ್ಕದ್ದನ್ನು ಮರಳಿ ಚೆಲ್ಲಿ ಬರುವಂತೆ ಹೇಳಿದಳು. ಹೆಚ್ಚಿನ ಆಸೆ ನಮಗೇಕೆ ಎಂಬುದು ನನ್ನ ಉಪದೇಶದ ಸಾರ.

ತಮ್ಮ ಸುಮ್ಮನೆ ಕೇಳಿದ. ಬಳಿಕ ಅವನು ಆಡಿದ ಮಾತು ಇಂದಿಗೂ ನನ್ನೊಳಗೆ ನಿಂತಿದೆ.

“ಅಣ್ಣಾ, ಲಕ್ಕಮ್ಮ ಮಾರಯ್ಯಗೆ ಹೆಚ್ಚಿನ ಅಕ್ಕಿ ಬ್ಯಾಡ ಅಂದ್ಲು, ಖರೆ. ಆದ್ರೆ ನಿದ್ದಿಗೆಟ್ಟು ಮರುದಿನ ರಾತ್ರಿನೂ ಆಯಬೇಕು ಅಂತ ಯಾರೂ ಅವನಿಗೆ ಹೇಳ್ಲಿಲ್ಲಲ್ಲ?”

ಆಮೇಲೆ ಅವನು ತನ್ನ ಆಸ್ಪತ್ರೆಯ ವಿಷಯ ಹೇಳಿದ. ಹನ್ನೆರಡು ಗಂಟೆಯ ರಾತ್ರಿ ಪಾಳಿ. ಬೆಳಿಗ್ಗೆ ಬದಲಿ ವೈದ್ಯರು ಬಾರದಿದ್ದರೆ ಅದೇ ಇಪ್ಪತ್ತನಾಲ್ಕು ಗಂಟೆಯಾಗುತ್ತದೆ. ಒಮ್ಮೆ ಬೆಳಗಿನ ಜಾವ ನಾಲ್ಕಕ್ಕೆ ಔಷಧಿಯ ಪ್ರಮಾಣ ಬರೆಯುವಾಗ ಒಂದು ಸೊನ್ನೆ ಹೆಚ್ಚು ಬಿತ್ತಂತೆ. ದಾದಿಯೊಬ್ಬರು ಗಮನಿಸಿ ಕೇಳಿದ್ದರಿಂದ ರೋಗಿ ಉಳಿದರು. ಇನ್ನೊಮ್ಮೆ ರೋಗಿ ತೀರಿಕೊಂಡಾಗ ಬಂಧುಗಳು ಇವನ ಕೊರಳಪಟ್ಟಿ ಹಿಡಿದರು. ತಿಂಗಳ ಕೊನೆಯ ಸಭೆಯಲ್ಲಿ ಎಷ್ಟು ಜನ ಗುಣವಾದರೆಂದು ಯಾರೂ ಕೇಳರು. ಎಷ್ಟು ಜನರನ್ನು ದಾಖಲು ಮಾಡಿಕೊಂಡಿರಿ ಎಂಬುದೊಂದೇ ಪ್ರಶ್ನೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವವೈದ್ಯೆಯ ಅತ್ಯಾಚಾರ, ಕೊಲೆಗಳು ನಡೆದಾಗ ದೇಶದ ವೈದ್ಯರೆಲ್ಲ ಬೀದಿಗಿಳಿದರಷ್ಟೆ. ಅಂದಿನಿಂದ ಇವನ ಜೊತೆಯ ವೈದ್ಯೆಯರು ರಾತ್ರಿ ವಿಶ್ರಾಂತಿ ಕೊಠಡಿಗೆ ಒಬ್ಬರೇ ಹೋಗುತ್ತಿರಲಿಲ್ಲ.

ನಿಯಮಗಳು ಇಲ್ಲವೇ ಎಂದು ಕೇಳಿದೆ. ಸ್ಥಾನಿಕ ವೈದ್ಯರ ಕೆಲಸ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಸೂಚಿಸಿತ್ತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ವಾರಕ್ಕೆ 74 ಗಂಟೆಯ ಮಿತಿ ಮತ್ತು ಒಂದು ದಿನದ ರಜೆಯನ್ನು ಶಿಫಾರಸು ಮಾಡಿತು. “ಅವೆಲ್ಲ ಕಲಿಯೋ ಡಾಕ್ಟರಿಗೆ ಅಣ್ಣಾ, ಅವರಿಗೇ ಸಿಗಲ್ಲ. ನಮ್ಮಂಥೋರನ್ನ ಯಾರು ಕೇಳ್ತಾರೆ?” ಎಂದ.

ಇನ್ನು ಹಣದ ವಿಚಾರ. ಇಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡಲಾರೆ. ಅವನು ಕೆಲಸಕ್ಕೆ ಸೇರಿದ ವರ್ಷ ನಮ್ಮ ಬಂಧುವರ್ಗದ ಏಜೆಂಟರೊಬ್ಬರು ಬಂದು, ವರ್ಷಕ್ಕೆ 60 ಸಾವಿರ ಕಂತಿನ, ಇಪ್ಪತ್ತು ವರ್ಷದ ವಿಮಾ ಪಾಲಿಸಿಗೆ ಒತ್ತಾಯಿಸಿದರು. ದಾಕ್ಷಿಣ್ಯಕ್ಕೆ ಬಿದ್ದು ನಾನೇ ತಮ್ಮನಿಂದ ಸಹಿ ಹಾಕಿಸಿದೆ. ಅಂದು ರಾತ್ರಿ ಕಾಗದ ಹಿಡಿದು ಲೆಕ್ಕ ಮಾಡಿದೆವು. ಪಾಲಿಸಿಯಿಂದ ಕೊನೆಗೆ ಬರುವ ಆದಾಯ ವರ್ಷಕ್ಕೆ ಶೇ. 5ರ ಆಸುಪಾಸು. ನಾವು ತೆರುತ್ತಿರುವ ಸಾಲದ ಬಡ್ಡಿ ಶೇ. 10. ಒಂದು ಕೊಡದಿಂದ ಹರಿದುಹೋಗುವ ನೀರನ್ನು ತಡೆಯದೆ ಪಕ್ಕದಲ್ಲಿ ಇನ್ನೊಂದು ಕೊಡವನ್ನು ಹನಿಹನಿಯಾಗಿ ತುಂಬುತ್ತಿದ್ದಂತಾಗಿತ್ತು. ಇಂಥ ಪಾಲಿಸಿ ಬೇಡವೆನಿಸಿದರೆ ಅದು ಕೈಸೇರಿದ 30 ದಿನಗಳೊಳಗೆ ಹಿಂತಿರುಗಿಸಲು 2024ರ ನಿಯಮಗಳಲ್ಲಿ ಅವಕಾಶವಿದೆ. ನಮಗೆ ಆ ಕಾಲ ಮೀರಿತ್ತು.

ಸೋದರಮಾವನವರು ಇನ್ನೊಂದು ಸಲಹೆ ಕೊಟ್ಟಿದ್ದರು. ವಿದೇಶಕ್ಕೆ ಹೋಗುವ ಮೊದಲೇ ಹರಿಹರದ ಕಡೆ ಎರಡು ಎಕರೆ ತೋಟ ಕೊಂಡುಬಿಡು, ಆಮೇಲೆ ಕೊಳ್ಳಲು ಬಿಡುವುದಿಲ್ಲ ಎಂದು. ಅವರು ಹೇಳಿದ್ದರಲ್ಲಿ ಸತ್ಯವಿದೆ. ಅನಿವಾಸಿ ಭಾರತೀಯರು ಇಲ್ಲಿ ಕೃಷಿಭೂಮಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನೂ ಇಲ್ಲಿ ವಾಸವಿದ್ದಾಗ ಕೊಂಡದ್ದನ್ನೂ ಇಟ್ಟುಕೊಳ್ಳಬಹುದು. ಆದರೆ ಸಾಲದ ಮೇಲೆ ಸಾಲ ಮಾಡಿ ಭದ್ರಾ ನಾಲೆಯ ಕೊನೆಯ ಭಾಗದಲ್ಲಿ ತೋಟ ಕೊಂಡು, ನೀರು ಬಂತೇ ಎಂದು ಇಂಗ್ಲೆಂಡಿನಿಂದ ಫೋನು ಮಾಡುವುದು ಯಾವ ಜಾಣತನ? ನಾಲೆಯ ಕೊನೆಗೆ ನೀರು ಮುಟ್ಟದ ಕಷ್ಟ ನಮ್ಮ ಜಿಲ್ಲೆಯ ರೈತರಿಗೆ ಗೊತ್ತೇ ಇದೆ.

ವಿದೇಶವಾದರೂ ಅವನೆಣಿಸಿದಷ್ಟು ಸುಲಭವೇ? ಅಲ್ಲಿ ವೈದ್ಯನಾಗಿ ನೋಂದಾಯಿಸಿಕೊಳ್ಳಲು ಇಂಗ್ಲಿಷ್ ಪರೀಕ್ಷೆಯಲ್ಲದೆ ಪ್ಲ್ಯಾಬ್ ಎಂಬ ಪರೀಕ್ಷೆಯ ಎರಡು ಭಾಗಗಳನ್ನು ದಾಟಬೇಕು. ಮೊದಲನೆಯದನ್ನು ಭಾರತದಲ್ಲಿಯೇ ಬರೆಯಬಹುದು. ಎರಡನೆಯದಕ್ಕೆ ಮ್ಯಾಂಚೆಸ್ಟರಿಗೆ ಹೋಗಬೇಕು. ದಾಟಿದವರಿಗೆಲ್ಲ ಕೆಲಸ ಸಿಗುವ ಕಾಲವೂ ಹೋಯಿತು. ಅಲ್ಲಿ ಪ್ರತಿ ಹುದ್ದೆಗೂ ಅರ್ಜಿಗಳ ರಾಶಿ ಬೀಳುತ್ತಿದೆ. ತಮ್ಮ ದೇಶದಲ್ಲಿ ಓದಿದವರಿಗೆ ತರಬೇತಿ ಹುದ್ದೆಗಳಲ್ಲಿ ಆದ್ಯತೆ ಕೊಡುವುದಾಗಿ ಅಲ್ಲಿನ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಇದನ್ನೆಲ್ಲ ಅವನೇ ಹೇಳಿದ. ತಿಳಿದೂ ಹೊರಟಿದ್ದನೆಂದರೆ, ಅವನಿಗೆ ಬೇಕಾಗಿದ್ದದ್ದು ಇಂಗ್ಲೆಂಡಲ್ಲ, ಇಲ್ಲಿಂದ ಬಿಡುಗಡೆ ಎಂಬುದು ನನಗಾಗ ಹೊಳೆಯಿತು.

“ಯಾವಾಗಲಾದ್ರೂ ಖುಷಿಯಿಂದ ಕೆಲಸ ಮಾಡಿದ್ದುಂಟೇನು?” ಎಂದು ಕೇಳಿದೆ.

ಅವನು ತಡಮಾಡದೆ “ಜಗಳೂರಿನಾಗೆ” ಎಂದ. ಅಲ್ಲಿ ಸಂಬಳ ಕಡಿಮೆ, ಔಷಧಿಗಳ ಕೊರತೆ, ಕೆಲವೊಮ್ಮೆ ವಿದ್ಯುತ್ತೂ ಇಲ್ಲ. ಆದರೂ ಸಂಜೆ ಹೊರರೋಗಿಗಳ ಸಾಲು ಕರಗಿದ ಮೇಲೆ ಮುದುಕಿಯೊಬ್ಬಳು ಎರಡು ಜೋಳದ ರೊಟ್ಟಿ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳಂತೆ. ರಾತ್ರಿ ನಿದ್ದೆ ಬರುತ್ತಿತ್ತಂತೆ.

ಶರಣಬಂಧುಗಳೇ, ಆಗ ನನ್ನ ಉಪದೇಶದ ಬೇರು ನನಗೇ ಕಂಡಿತು. ಅವನನ್ನು ತಡೆಯಲು ನಾನು ದಾಸೋಹವನ್ನು ಎಳೆದು ತಂದದ್ದು ಬಡರೋಗಿಗಳ ಮೇಲಿನ ಕನಿಕರದಿಂದಲ್ಲ. ಅವ್ವನ ಮೊಣಕಾಲು ನೋವು, ಮನೆಯ ಪತ್ರ, ಬ್ಯಾಂಕಿನ ಕಂತು ಇವೆಲ್ಲ ನನ್ನೊಬ್ಬನ ಹೆಗಲಿಗೆ ಬೀಳುತ್ತವೆಂಬ ಭಯದಿಂದ. ಶರಣರ ಮಾತನ್ನು ನನ್ನ ಅನುಕೂಲಕ್ಕೆ ಊರುಗೋಲು ಮಾಡಿಕೊಂಡಿದ್ದೆ. ಇದನ್ನು ಅವನಿಗೆ ಹೇಳಿದೆ. ಅವನು ನಕ್ಕು ಮಂಡಕ್ಕಿ ಪೊಟ್ಟಣವನ್ನು ಹತ್ತಿರ ಎಳೆದುಕೊಂಡ.

ಲಕ್ಕಮ್ಮನ ಕಥೆಯನ್ನು ಅತಿಯಾಸೆಯ ಖಂಡನೆಯೆಂದಷ್ಟೇ ನಾನು ಓದಿಕೊಂಡು ಬಂದಿದ್ದೆ. ಅದು ಅಳತೆಯ ಕಥೆಯೂ ಹೌದು. ಅಂದಂದಿನ ಕಾಯಕಕ್ಕೆ ಒಂದು ಅಳತೆಯಿದೆ. ಅದನ್ನು ಮೀರಿ ಪಡೆಯುವುದು ಹೇಗೆ ತಪ್ಪೋ ಅದನ್ನು ಮೀರಿ ದುಡಿಸಿಕೊಳ್ಳುವುದೂ ಹಾಗೆಯೇ ತಪ್ಪು. ಹುಟ್ಟಿದ ನೆಲ ಬಿಟ್ಟವರೆಲ್ಲ ಕಾಯಕ ಬಿಟ್ಟವರೆಂಬ ನನ್ನ ಮಾತೂ ನಿಲ್ಲಲಾರದು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿದವರೆಂದು ನಮ್ಮ ಪರಂಪರೆಯೇ ಹೇಳುತ್ತದೆ.

ಆ ರಾತ್ರಿ ನಾವು ಒಂದು ಹಾಳೆಯಲ್ಲಿ ಬರೆದುಕೊಂಡದ್ದು ಇಷ್ಟು. ಪಾಲಿಸಿ ನಿಲ್ಲಿಸುವುದು, ಆದ ನಷ್ಟವನ್ನು ಪಾಠದ ಶುಲ್ಕವೆಂದು ತಿಳಿಯುವುದು. ಆರು ತಿಂಗಳ ಖರ್ಚು ಮತ್ತು ಕಂತಿನಷ್ಟು ಹಣವನ್ನು ಉಳಿತಾಯ ಖಾತೆಯಲ್ಲಿಡುವುದು. ಸಾಲದ ಮೊತ್ತಕ್ಕೆ ಸರಿಯಾದ ಅವಧಿ ವಿಮೆ, ಅವ್ವನಿಗೆ ಆರೋಗ್ಯ ವಿಮೆ. ಮಿಕ್ಕದ್ದೆಲ್ಲ ಸಾಲಕ್ಕೆ. ಮನೆಯ ಪತ್ರ ಬಿಡಿಸಿಕೊಳ್ಳುವವರೆಗೆ ತೋಟವಿಲ್ಲ, ಷೇರಿಲ್ಲ. ಪರೀಕ್ಷೆಯನ್ನು ಸಾಲ ಮಾಡದೆ, ಕೂಡಿಟ್ಟ ಹಣದಲ್ಲಿಯೇ ಬರೆಯುವುದು. ಹೋಗುವುದಾದರೆ ಅವ್ವನನ್ನು ನೋಡಿಕೊಳ್ಳುವ ಹೊಣೆ ನನ್ನದು. ಈ ಕೊನೆಯ ಸಾಲನ್ನು ನಾನೇ ಬರೆದು ಸಹಿ ಹಾಕಿದೆ.

ಮರುದಿನ ಅವ್ವನಿಗೆ ವಿಷಯ ತಿಳಿಸಿದೆವು. ಮ್ಯಾಂಚೆಸ್ಟರ್ ಎಂಬ ಹೆಸರು ಕೇಳಿ ಅವರು, “ನಿಮ್ಮಪ್ಪ ದುಡಿದಿದ್ದೂ ಮ್ಯಾಂಚೆಸ್ಟರಿನಾಗೇ ಅಂತಿದ್ರಪ್ಪ ಜನ. ಆ ಗಿರಣಿ ಮುಚ್ಚಿದ್ರೂ ನಾವೇನು ಸಾಯಲಿಲ್ಲ. ನೀನು ಮೊದ್ಲು ಒಂದು ವಾರ ಮಲಗು” ಎಂದರು.

ಈಗ ತಮ್ಮ ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿದ್ದಾನೆ. ಸಂಬಳ ಕಡಿಮೆ. ಮನೆಬಾಡಿಗೆಯಿಲ್ಲದ್ದರಿಂದ ಕಂತು ತಪ್ಪಿಲ್ಲ. ರಾತ್ರಿ ಪಾಳಿ ವಾರಕ್ಕೆ ಎರಡೇ. ಪ್ಲ್ಯಾಬ್ ಪುಸ್ತಕಗಳು ಮೇಜಿನ ಮೇಲೆ ಇವೆ. ಹೋಗುವನೋ ಉಳಿಯುವನೋ ನಾನರಿಯೆ. ಹೋದರೆ, 2015ರ ನವೆಂಬರ್‌ನಲ್ಲಿ ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ನಮ್ಮ ಪರವಾಗಿಯೂ ಶರಣೆನ್ನಲು ಹೇಳಿದ್ದೇನೆ.

ಭಕ್ತಾದಿಗಳಲ್ಲಿ ಒಂದು ವಿನಂತಿ. ಆಸ್ಪತ್ರೆಯಲ್ಲಿ ನಮ್ಮವರು ತೀರಿಕೊಂಡ ಘಳಿಗೆಯಲ್ಲಿ ದುಃಖ ಸಹಜ. ವೈದ್ಯರ ಮೇಲೆ ಕೈಮಾಡಿದರೆ ಸೆರೆಮನೆಯೆಂದು 2009ರ ರಾಜ್ಯ ಕಾಯಿದೆ ಹೇಳುತ್ತದೆ. ಕಾಯಿದೆಯ ಭಯಕ್ಕಿಂತ ಮೊದಲು, ಎದುರಿಗೆ ನಿಂತವರು ಮಲಗಿ ಎಷ್ಟು ಹೊತ್ತಾಯಿತೆಂದು ಒಮ್ಮೆ ಕೇಳೋಣ. ಅವರೂ ಯಾರದೋ ಮನೆಯ ತಮ್ಮ, ಯಾರದೋ ಮನೆಯ ತಂಗಿ.