ಕೌಲಿಯ ಮರದ ಮೋಟಾರು

ಆಕ್ಸ್‌ಫರ್ಡ್ ಎಂಬ ಹೆಸರು ಕಿವಿಗೆ ಬಿದ್ದೊಡನೆಯೇ ವಿದ್ಯಾಶಾಲೆಗಳ ಶಿಖರಗಳೂ, ಪುಸ್ತಕ ಭಂಡಾರಗಳೂ, ಕರಿಯ ನಿಲುವಂಗಿಯ ಪಂಡಿತರೂ ವಾಚಕರ ಕಣ್ಣೆದುರಿಗೆ ಬರುವುದು ಸಹಜ. ಸಂಸ್ಕೃತವನ್ನೋದಿ, ಬಾಳಿನ ಬಹುಭಾಗವನ್ನು ಅದರ ಬೋಧನೆಯಲ್ಲಿಯೇ ಕಳೆದ ನಮಗಂತೂ ಅದು ಮೋನಿಯರ್ ವಿಲಿಯಮ್ಸರ ಕೋಶದ ಊರು. ವಿಜಯನಗರದ ಸಾಯಣಾಚಾರ್ಯರ ಭಾಷ್ಯದೊಡನೆ ಋಗ್ವೇದವನ್ನು ಪ್ರಕಟಿಸಿದ ಮ್ಯಾಕ್ಸ್ ಮುಲ್ಲರರ ಊರು. ಹೋಲಿವೆಲ್ ಶ್ಮಶಾನದಲ್ಲಿರುವ ಮುಲ್ಲರರ ಸಮಾಧಿಗೆ ಕೈಮುಗಿದೂ ಬಂದೆವು. ಆದರೆ ಈಗ ನಾವು ಹೇಳಹೊರಟಿರುವುದು ಆ ಆಕ್ಸ್‌ಫರ್ಡಿನ ಮಾತನ್ನಲ್ಲ. ಪಟ್ಟಣದ ಪೂರ್ವದಲ್ಲಿ ಒಂದು ಸೇತುವೆಯುಂಟು. ಮ್ಯಾಗ್ಡಲೆನ್ ಎಂದು ಬರೆದು ಮಾಡ್ಲಿನ್ ಎಂದು ಕರೆಯುವರು. (ಬರೆದಂತೆಯೇ ಓದುವ ಭಾಷೆಯಲ್ಲಿ ಹುಟ್ಟಿದವರಿಗೆ ಈ ದೇಶದಲ್ಲಿ ದಾರಿ ಕೇಳುವುದೂ ಒಂದು ಪರೀಕ್ಷೆಯೇ.) ಆ ಸೇತುವೆಯನ್ನು ದಾಟಿ ಆಗ್ನೇಯಕ್ಕೆ ನಡೆದರೆ ಶಿಖರಗಳು ಹಿಂದುಳಿದು, ಸಾಲುಮನೆಗಳೂ, ದಿನಸಿ ಅಂಗಡಿಗಳೂ, ಹಿತ್ತಲ ಕೊಟ್ಟಿಗೆಗಳೂ ಉಳ್ಳ ಕೌಲಿ ಎಂಬ ಭಾಗವು ಸಿಕ್ಕುವುದು. ನಮ್ಮ ಮಗಳ ಮನೆಯಿರುವುದು ಅಲ್ಲಿ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ನಾವೂ ನಮ್ಮ ಮನೆಯಾಕೆಯೂ ಅಲ್ಲಿದ್ದೆವು.

ಕೌಲಿಯ ಕೀರ್ತಿಗೆ ಕಾರಣ ಮೋಟಾರು. 1877ರಲ್ಲಿ ಹುಟ್ಟಿದ ವಿಲಿಯಂ ಮಾರಿಸ್ ಎಂಬಾತನು ಹದಿನಾರರ ಹುಡುಗನಾಗಿದ್ದಾಗ, ಕೌಲಿ ರಸ್ತೆಗೆ ಸಮೀಪದ ಜೇಮ್ಸ್ ಬೀದಿಯಲ್ಲಿದ್ದ ತಂದೆಯ ಮನೆಯ ಹಿಂದೆ, 4 ಪೌಂಡು ಬಂಡವಾಳದಿಂದ ಸೈಕಲ್ ರಿಪೇರಿಗೆ ತೊಡಗಿದನು. ಇಪ್ಪತ್ತು ವರ್ಷಗಳ ತರುವಾಯ, 1913ರಲ್ಲಿ, ಆತನ ಮೊದಲ ಮೋಟಾರು ಗಾಡಿಯು ಹೊರಬಂದಿತು. ಆತನೇ ಮುಂದೆ ಲಾರ್ಡ್ ನಫೀಲ್ಡ್ ಎನಿಸಿಕೊಂಡು, ವಿದ್ಯಾಪೀಠಕ್ಕೇ ಒಂದು ಕಾಲೇಜನ್ನು ಕಟ್ಟಿಸಿಕೊಟ್ಟನು. ಅಷ್ಟು ದೊಡ್ಡ ಉದ್ಯಮದ ಮೂಲವು ಮನೆಯ ಹಿತ್ತಲಿನ ರಿಪೇರಿ ಎಂಬುದನ್ನು ಕೌಲಿಯ ಜನರು ಇಂದಿಗೂ ಮರೆತಿಲ್ಲ. ಹಳೆಯ ಮಾರಿಸ್ ಕಾರ್ಖಾನೆಯ ಬಹುಭಾಗವು ಈಗ ನೆಲಸಮವಾಗಿ, ಅಲ್ಲಿ ಕಚೇರಿಗಳೆದ್ದಿವೆ. ಉಳಿದ ಒಂದು ಪಾರ್ಶ್ವದಲ್ಲಿ ಜರ್ಮನಿಯ ಒಡೆತನದಲ್ಲಿ ಮಿನಿ ಎಂಬ ಗಾಡಿಗಳಾಗುವುವು. ನಮ್ಮ ದೇಶಕ್ಕೂ ಈ ಊರಿಗೂ ನಂಟಿಲ್ಲದೆ ಇಲ್ಲ. 1950ರ ದಶಕದ ಕೊನೆಯಿಂದ 2014ರ ಪರ್ಯಂತ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗಿ, ಮಂತ್ರಿಗಳನ್ನೂ ಮದುವಣಿಗರನ್ನೂ ಹೊತ್ತ ನಮ್ಮ ಅಂಬಾಸಡರ್ ಗಾಡಿಯು ಇಲ್ಲಿಯ ಮಾರಿಸ್ ಆಕ್ಸ್‌ಫರ್ಡ್ ಎಂಬುದರ ರೂಪಾಂತರವೇ.

ಮಗಳ ಮನೆಯ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಗೃಹಸ್ಥರಿರುವರು. ಅವರ ತಂದೆ ಮಾರಿಸ್ ಕಾರ್ಖಾನೆಯಲ್ಲಿ ಕೆಲಸಮಾಡಿದವರು. 1968ರಲ್ಲಿ ಕೊಂಡ ಗಾಡಿಯನ್ನು ಮಗನಿಗೆ ಬಿಟ್ಟುಹೋದರು. ಅದು ಮಾರಿಸ್ ಮೈನರ್ ಟ್ರಾವೆಲರ್ ಎಂಬ ಜಾತಿಯ ಸ್ಟೇಷನ್ ವ್ಯಾಗನ್. ಈ ಹೆಸರಿನ ಅರ್ಥವನ್ನು ಒಂದು ಮಾತಿನಲ್ಲಿ ಹೇಳಬಹುದು. ರೈಲಿನಿಂದಿಳಿದ ಜನರನ್ನೂ ಅವರ ಪೆಟ್ಟಿಗೆಗಳನ್ನೂ ಸ್ಟೇಷನ್ನಿನಿಂದ ಮನೆಗೆ ಸಾಗಿಸುತ್ತಿದ್ದ ಬಂಡಿಗಳಿಗೆ ಅಮೆರಿಕದವರು ಕೊಟ್ಟ ಹೆಸರು, ಬಂಡಿ ಹೋಗಿ ಮೋಟಾರು ಬಂದರೂ ಉಳಿದುಕೊಂಡಿತು. ಮುಂದೆ ಸಂಸಾರ, ಹಿಂದೆ ಸಾಮಾನು. ಹಿಂದಣ ಆಸನವನ್ನು ಮಡಿಸಿದರೆ ಮಂಚವನ್ನೂ ಹೇರಬಹುದು.

ಮೈನರ್ ಗಾಡಿಯು ಜನರ ಕಣ್ಣಿಗೆ ಬಿದ್ದದ್ದು 1948ರಲ್ಲಿ. ಅದನ್ನು ರಚಿಸಿದ ಅಲೆಕ್ ಇಸಿಗೋನಿಸ್ ಎಂಬವರು ಸ್ಮರ್ನಾ ಪಟ್ಟಣದಲ್ಲಿ ಹುಟ್ಟಿದವರು. ಮಾದರಿಯು ಸಿದ್ಧವಾದಮೇಲೆ ಅಗಲ ಸಾಲದೆಂದು ತೋರಿದ್ದರಿಂದ, ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ನಡುವೆ ನಾಲ್ಕು ಅಂಗುಲ ಸೇರಿಸಿದರಂತೆ. ಮುಂಭಾಗದ ಮುಚ್ಚಳದ ನಡುವೆ ಪಟ್ಟಿಯಂತೆ ಎದ್ದಿರುವ ಭಾಗವು ಅದರ ಗುರುತು. ಟ್ರಾವೆಲರ್ ಎಂಬುದು 1953ರಲ್ಲಿ ಮೊದಲಾಗಿ 1971ರಲ್ಲಿ ನಿಂತಿತು. ಅದರ ಮುಂಭಾಗವು ಉಕ್ಕು. ಬಾಗಿಲಿನಿಂದ ಹಿಂದಕ್ಕೆ ಮಾತ್ರ ಹೊಂಬಣ್ಣದ ಮರದ ಚೌಕಟ್ಟು, ಚೌಕಟ್ಟಿನ ನಡುವೆ ಅಲ್ಯೂಮಿನಿಯಂ ತಗಡು, ಬೆನ್ನಿಗೆ ಅಲಮಾರಿನಂತೆ ತೆರೆಯುವ ಎರಡು ಕದಗಳು. ಮರದ ತೊಲೆಗಳ ನಡುವೆ ಸುಣ್ಣದ ಗೋಡೆಯುಳ್ಳ ತಮ್ಮ ಹಳೆಯ ಮನೆಗಳಿಗೆ ಹೋಲಿಸಿ ಇಂಗ್ಲಿಷರೇ ಇದನ್ನು ಪರಿಹಾಸ ಮಾಡುವುದುಂಟು. ಅಮೆರಿಕದ ಎಷ್ಟೋ ಸ್ಟೇಷನ್ ವ್ಯಾಗನ್ನುಗಳ ಪಕ್ಕದಲ್ಲಿ ಕಾಣುವುದು ಮರವಲ್ಲ, ಮರದ ಚಿತ್ರವುಳ್ಳ ಹಾಳೆ. ಇಲ್ಲಿ ಹಾಗಲ್ಲ. ಈ ಮರವು ಅಲಂಕಾರವಲ್ಲ, ಆಧಾರ. ಮಾಡು, ಕಿಟಕಿ, ಕದ ಮೂರೂ ನಿಂತಿರುವುದು ಅದರ ಮೇಲೆಯೇ. ಮರವು ಸತ್ತರೆ ಗಾಡಿಯ ಹಿಂಭಾಗಕ್ಕೆ ಬೆನ್ನೆಲುಬಿಲ್ಲ.

ಮರದ ಹೆಸರು ಆಷ್. ಕ್ರಿಕೆಟ್ಟಿನ ಸ್ಟಂಪುಗಳಿಗೂ, ಗುದ್ದಲಿ ಸುತ್ತಿಗೆಗಳ ಹಿಡಿಗಳಿಗೂ, ಹಿಂದೆ ಬಂಡಿಯ ಗಾಲಿಗಳಿಗೂ ಆ ದೇಶದವರು ಆರಿಸುತ್ತಿದ್ದುದು ಇದನ್ನೇ. ನಮ್ಮಲ್ಲಿ ಬಂಡಿಗೆ ಜಾಲಿ ಹೇಗೋ ಹಾಗೆ. ಪೆಟ್ಟನ್ನು ತಾಳುವುದು, ಬಾಗಿದರೂ ಮುರಿಯದು. ಆದರೆ ನೀರನ್ನು ಮಾತ್ರ ತಾಳದು. ಹಿಂಬದಿಯ ಗಾಜುಗಳು ಸರಿದಾಡುವುದಕ್ಕೆ ಮರದ ಮೇಲೆ ಒಂದು ಕಾಲುವೆಯಂಥ ಜಾಡಿದೆ. ನೀರು ಹರಿದುಹೋಗುವ ರಂಧ್ರಗಳಿಗೆ ತರಗೆಲೆ ತುಂಬಿತೆಂದರೆ, ಆ ಜಾಡು ಕೆರೆಯಾಗಿ, ಕೆರೆಯಲ್ಲಿ ಪಾಚಿ ಬೆಳೆಯುವುದು. ಚಕ್ರಗಳು ಎರಚಿದ ಕೆಸರು ಕೆಳಗಣ ಪಟ್ಟಿಯನ್ನು ತಿನ್ನುವುದು. ಮೇಲೆ ವಾರ್ನಿಷ್ ಮಿರುಗುತ್ತಲೇ ಇರುವುದು; ವಾರ್ನಿಷಿನ ಸಣ್ಣ ಬಿರುಕಿನಿಂದ ಒಳಹೊಕ್ಕ ನೀರಿಗೆ ಹೊರಬರಲು ದಾರಿ ಸಿಕ್ಕದೆ, ಮರವು ಒಳಗೊಳಗೇ ಲಡ್ಡಾಗುವುದು.

ಈ ಗೃಹಸ್ಥರ ಗಾಡಿಯೂ ಹೊರಗಿನಿಂದ ಕನ್ನಡಿಯಂತಿತ್ತು. ಅವರ ಮೊಮ್ಮಗಳಿಗೆ ಆಗಸ್ಟಿನಲ್ಲಿ ಮದುವೆ. ಮುತ್ತಾತನ ಗಾಡಿಯಲ್ಲಿಯೇ ಚರ್ಚಿಗೆ ಹೋಗಬೇಕೆಂಬುದು ಆ ಹುಡುಗಿಯ ಆಸೆ. ನಾವು ಹೋದ ಹೊಸತರಲ್ಲಿ ಒಂದು ದಿನ ಅವರು ನಮ್ಮನ್ನು ಬೇಲಿಯಾಚೆಯಿಂದ ಕರೆದು, ದಬ್ಬಳದಂಥ ಒಂದು ಮೊನೆಯನ್ನು ಹಿಂದಿನ ಮೂಲೆಯ ಕಂಬಕ್ಕೆ ಒತ್ತಿ ತೋರಿಸಿದರು. ಅದು ಬೆಣ್ಣೆಯಲ್ಲಿ ಇಳಿದಂತೆ ಹಿಡಿಯವರೆಗೂ ಇಳಿಯಿತು. ಗಾಡಿಯನ್ನು ಇದ್ದಂತೆಯೇ ಕೊಳ್ಳುವೆನೆಂದು ಹೇಳಿಹೋದವನೊಬ್ಬನಿದ್ದನು. ಅವರ ಪತ್ನಿಗೂ ಅದನ್ನು ಮಾರಿಬಿಡಬೇಕೆಂದೇ ಇತ್ತು. ಗಂಡನ ಬೆರಳ ಸಂಧಿಗಳ ನೋವನ್ನು ರಾತ್ರಿ ನೋಡುವವರು ಅವರಲ್ಲವೆ? ಇದರ ಮೇಲೆ ಕಾನೂನಿನದೊಂದು ಸಡಿಲ. ಆ ದೇಶದಲ್ಲಿ ಗಾಡಿಗಳಿಗೆ ವರ್ಷಕ್ಕೊಮ್ಮೆ ಪರೀಕ್ಷೆಯುಂಟು. ಆದರೆ 2018ರ ಮೇ ತಿಂಗಳಿಂದೀಚೆಗೆ, ನಲವತ್ತು ವರ್ಷ ದಾಟಿದ, ಮೂಲರೂಪವು ಹೆಚ್ಚು ಬದಲಾಗದ ಗಾಡಿಗಳಿಗೆ ಅದರಿಂದ ವಿನಾಯಿತಿ. ರಸ್ತೆಗೆ ತಕ್ಕ ಸ್ಥಿತಿಯಲ್ಲಿಡುವ ಹೊಣೆ ಮಾತ್ರ ಒಡೆಯನದು. ಎಂದರೆ, ಆ ಕಂಬವನ್ನು ಅಧಿಕಾರಿಯೊಬ್ಬನು ಮುಟ್ಟಿ ನೋಡುವ ಪ್ರಸಂಗವೇ ಇಲ್ಲ. ಬಿರುಕಿಗೆ ಮೇಣ ತುಂಬಿ ಬಣ್ಣ ಬಳಿದರೆ ಮದುವೆಯ ಚಿತ್ರದಲ್ಲಿ ಯಾರಿಗೂ ತಿಳಿಯದು.

“ನನಗೆ ತಿಳಿದಿದೆಯಲ್ಲ, ಅದೇ ತೊಂದರೆ” ಎಂದರು ಆ ಗೃಹಸ್ಥರು. ಗಾಡಿಯನ್ನು ಬಿಚ್ಚುವುದೆಂದೂ, ಸಿದ್ಧವಾದಮೇಲೆ ಕಡ್ಡಾಯವಿಲ್ಲದಿದ್ದರೂ ತಾವಾಗಿಯೇ ಪರೀಕ್ಷೆಗೆ ಒಪ್ಪಿಸುವುದೆಂದೂ, ಅದು ಮುಗಿಯುವವರೆಗೆ ಹಿಂದಿನ ಆಸನದಲ್ಲಿ ಒಂದು ಮಗುವೂ ಕೂರಕೂಡದೆಂದೂ ನಿರ್ಧಾರವಾಯಿತು.

ಈ ಗಾಡಿಗಳಿಗೆ ಬೇಕಾದ ಮರದ ಚೌಕಟ್ಟುಗಳನ್ನು ಇಂದಿಗೂ ಮಾಡಿಕೊಡುವ ಬಡಗಿಗಳು ಇಂಗ್ಲೆಂಡಿನಲ್ಲಿರುವರು. ಎಲ್ಲವನ್ನೂ ಹೊಸದಾಗಿ ತರಿಸಿದರೆ ಕೆಲವು ಸಾವಿರ ಪೌಂಡುಗಳಾಗುವುದು. ಮೇ ತಿಂಗಳಲ್ಲಿ ಎರಡು ಪಾರ್ಶ್ವಗಳ ಮರವೂ ಬಂದಿತು. ಕೊಟ್ಟಿಗೆಯಲ್ಲಿ ನಮಗೆ ದೊರೆತ ಪದವಿ, ಹೇಳಿದ ತುದಿಯನ್ನು ಹೇಳಿದಷ್ಟು ಹೊತ್ತು ಅಲುಗದೆ ಹಿಡಿದುಕೊಳ್ಳುವುದು. ಉಪಾಧ್ಯಾಯ ವೃತ್ತಿಯಲ್ಲಿ ನಿಂತು ಅಭ್ಯಾಸವಾದವರಿಗೆ ಇದು ಕಷ್ಟವೇನಲ್ಲ.

ಕೆಲಸದ ಕ್ರಮವನ್ನು ಸ್ವಲ್ಪ ವಿಸ್ತರಿಸಿ ಹೇಳುವೆವು. ಮೊದಲನೆಯ ನಿಯಮ, ಎರಡು ಪಾರ್ಶ್ವಗಳನ್ನೂ ಒಮ್ಮೆಲೇ ಬಿಚ್ಚಕೂಡದು. ಬಿಚ್ಚಿದರೆ ಗಾಡಿಯ ಆಕಾರವನ್ನು ನೆನಪಿಟ್ಟುಕೊಳ್ಳುವವರು ಯಾರೂ ಉಳಿಯರು. ಒಳಗಿನಿಂದ ಮಾಡಿಗೆ ಊರುಗೋಲು ಕೊಟ್ಟು, ಬಲಗಡೆಯ ಗಾಜು, ತಗಡು, ಕದ ಒಂದೊಂದನ್ನೂ ತೆಗೆದು, ಪ್ರತಿಯೊಂದು ತಿರುಪುಮೊಳೆಯನ್ನೂ ಹೆಸರು ಬರೆದ ಡಬ್ಬಿಗಳಲ್ಲಿ ಹಾಕಿದರು. ಹಳೆಯ ಮೊಳೆಗಳ ಸುತ್ತ ಮರವು ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು. ಕಬ್ಬಿಣವೂ ನೀರೂ ಮರವೂ ಕೂಡಿದ ಫಲವದು. ಅಣಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಇದು ಆಶ್ಚರ್ಯವೆನಿಸದು. ಮರವು ಗಟ್ಟಿಯಾಗಿಯೇ ಇದ್ದು ಕಲೆ ಮಾತ್ರವಿದ್ದರೆ ಆಕ್ಸಾಲಿಕ್ ಆಮ್ಲವನ್ನು ಹಚ್ಚಿ ತೆಗೆಯುವರು. ಅದು ವಿಷವಾದುದರಿಂದ ಕೈಚೀಲ ತೊಟ್ಟೇ ಮುಟ್ಟಬೇಕು.

ಮರವನ್ನು ತೆಗೆದಮೇಲೆ ಅದರ ಹಿಂದಣ ಉಕ್ಕು ಕಂಡಿತು. ಚಕ್ರದ ಮೇಲಣ ಕಮಾನಿನಲ್ಲಿ ಅಂಗೈಯಗಲದ ತುಕ್ಕು. ಅಲ್ಲಿಗೆ ಹೊಸ ಉಕ್ಕನ್ನು ಬೆಸೆಯಿಸದೆ ಮರವನ್ನು ಕೂರಿಸಿದರೆ ಫಲವೇನು? ಬೆಸುಗೆಯವನು ಬರುವುದಕ್ಕೆ ಮೂರು ವಾರ ಹಿಡಿಯಿತು. ಮಳೆಯೂ ಹಿಡಿಯಿತು. ಆಮೇಲೆ ಹೊಸ ಚೌಕಟ್ಟನ್ನು ಅಂಟಿಲ್ಲದೆ, ಸುಮ್ಮನೆ ಇಟ್ಟು ನೋಡುವುದು. ಇಲ್ಲಿಯೇ ನಿಜವಾದ ತಾಳ್ಮೆ ಬೇಕಾದದ್ದು. ಹಿಂದಿನ ಎರಡು ಕದಗಳನ್ನು ತೂಗುಹಾಕಿ ಮುಚ್ಚಬೇಕು. ಮುಚ್ಚಿದಾಗ ನಡುವಣ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿರಬೇಕು. ಕೆಳಗೆ ಎರಡು ನೂಲು ಸರಿದರೆ ಮೇಲೆ ಕಾಲು ಅಂಗುಲ ಬಾಯಿಬಿಡುವುದು. ಹನ್ನೊಂದು ಸಲ ಇಟ್ಟು ಹನ್ನೊಂದು ಸಲ ತೆಗೆದರು. ಉಜ್ಜುಗೊರಡಿನಿಂದ ಕೂದಲೆಳೆಯಷ್ಟು ತೆಗೆಯುವುದು, ಮತ್ತೆ ಇಡುವುದು. ಹನ್ನೆರಡನೆಯ ಸಲ ಕದವು ತಾನಾಗಿಯೇ ಮೆಲ್ಲನೆ ‘ಟಕ್’ ಎಂದಿತು. ಆ ಸದ್ದನ್ನು ಕೇಳಿ ಮನೆಯೊಳಗಿಂದ ಅವರ ಪತ್ನಿ ಹೊರಬಂದು, ಏನನ್ನೂ ಹೇಳದೆ, ತಾವೇ ಒಮ್ಮೆ ತೆರೆದು ಮುಚ್ಚಿ ನೋಡಿ ಒಳಗೆ ಹೋದರು. ಮಾರುವ ಮಾತನ್ನು ಮತ್ತೆ ಅವರ ಬಾಯಿಂದ ನಾವು ಕೇಳಲಿಲ್ಲ.

ಅಂಟಿಟ್ಟು ಬಿಗಿಯುವುದಕ್ಕೆ ಮೊದಲೇ, ತಗಡಿನ ಹಿಂದೆ ಅಡಗುವ ಭಾಗಗಳಿಗೂ ಮರದ ಅಡ್ಡಕಡಿದ ತುದಿಗಳಿಗೂ ವಾರ್ನಿಷ್ ಕುಡಿಸುವರು. ಮರವು ನೀರನ್ನು ಹೀರುವುದು ಹೆಚ್ಚಾಗಿ ಆ ತುದಿಗಳಿಂದ. ಹೊರಮೈಗೆ ಒಂದೊಂದು ಲೇಪಕ್ಕೂ ನಡುವೆ ನಯವಾದ ಉಪ್ಪುಕಾಗದದಿಂದ ತಿಕ್ಕಿ, ಹಲವು ಲೇಪಗಳು. ವಾರ್ನಿಷಿಗಿಂತ ಎಣ್ಣೆಯೇ ಲೇಸು, ಎಣ್ಣೆ ಬಿರಿಯದು ಎಂಬ ಪಕ್ಷವೂ ಒಂದುಂಟು. ಈ ಎರಡು ಮತಗಳವರು ಒಂದೆಡೆ ಸೇರಿದರೆ ವಾದವು ನಮ್ಮ ಶಾಸ್ತ್ರಿಗಳ ಸಭೆಗೆ ಕಡಮೆಯಾಗದು. ನಮಗೆ ತೋರುವಂತೆ, ವರ್ಷವರ್ಷವೂ ಬಗ್ಗಿ ನೋಡುವವನಿಗೆ ಎರಡೂ ಸರಿಯೇ.

ಒಂದು ಸಂಜೆ ತೆಗೆದ ಹಳೆಯ ಮರವೆಲ್ಲ ಅಂಗಳದಲ್ಲಿ ರಾಶಿಯಾಗಿ ಬಿದ್ದಿರಲು, ನಮಗೆ ಮಿಲಿಂದ ರಾಜನೂ ನಾಗಸೇನ ಭಿಕ್ಷುವೂ ನೆನಪಾದರು. ರಥದಲ್ಲಿ ಬಂದೆನೆಂದ ರಾಜನನ್ನು ಭಿಕ್ಷುವು ಕೇಳುವನು: ಅಚ್ಚು ರಥವೇ? ಗಾಲಿ ರಥವೇ? ನೊಗವೇ? ಇವಾವುದೂ ಅಲ್ಲವಾದರೆ ರಥವೆಲ್ಲಿ? ಅದು ಬರಿಯ ಹೆಸರು ಎಂದು ರಾಜನು ಒಪ್ಪಬೇಕಾಗುವುದು. ನಮ್ಮ ನೈಯಾಯಿಕರು ಇದನ್ನೊಪ್ಪರು. ಅವಯವಗಳಿಂದ ಬೇರೆಯಾದ ಅವಯವಿ ಎಂಬುದೊಂದು ಉಂಟೆಂದೂ, ಬಟ್ಟೆಯಿಂದ ಒಂದು ನೂಲನ್ನು ತೆಗೆದರೂ ಹಳೆಯ ಬಟ್ಟೆ ನಾಶವಾಗಿ ಬೇರೊಂದು ಬಟ್ಟೆ ಹುಟ್ಟುವುದೆಂದೂ ಅವರ ಮತ. ನಾವು ಇಷ್ಟನ್ನೂ ಮುರುಕು ಇಂಗ್ಲಿಷಿನಲ್ಲಿ ವಿವರಿಸಿ, ನಿಮ್ಮ ತಂದೆಯವರ ಗಾಡಿ ಇವುಗಳಲ್ಲಿ ಯಾವುದು ಎಂದು ಕೇಳಿದೆವು. ಅವರು ಬಹಳ ಹೊತ್ತು ಯೋಚಿಸಿ, “ಉಪಾಧ್ಯಾಯರೇ, ಸರಕಾರದವರು ಗುರುತಿಸುವುದು ನಂಬರಿನಿಂದ, ನಾನು ಗುರುತಿಸುವುದು ಇದರಿಂದ” ಎಂದು ಮುಂದಿನ ಬಾಗಿಲನ್ನು ತೆರೆದು ತೋರಿಸಿದರು. ಹೊಲಿಗೆಯ ಬಳಿ ಆಸನದ ಅಂಚು ಸವೆದು ಕುಳಿಬಿದ್ದಿತ್ತು. ಇಳಿಯುವಾಗ ಅವರ ತಂದೆ ಕೈಯೂರುತ್ತಿದ್ದ ಸ್ಥಳವಂತೆ. ಅದನ್ನು ಮಾತ್ರ ಹೊಸದು ಮಾಡುವುದಿಲ್ಲವೆಂದರು. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆಯೋ ಇಲ್ಲವೋ, ನಾವಂತೂ ಪ್ರತಿವಾದ ಹೂಡಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲಿ ಹೇಳತಕ್ಕದ್ದು. ಆಷ್ ಮರಗಳಿಗೆ ಒಂದು ಬೂಷ್ಟಿನ ರೋಗ ತಗಲಿದ್ದು, 2012ರಲ್ಲಿ ಅದು ಬ್ರಿಟನ್ನಿನಲ್ಲಿಯೂ ಕಾಣಿಸಿಕೊಂಡಿತು. ಆಕ್ಸ್‌ಫರ್ಡಿನ ಸುತ್ತಣ ಕಾಡುಗಳಲ್ಲಿ ನಡೆಯುವಾಗ ತುದಿಯಿಂದ ಒಣಗುತ್ತ ಬಂದ ಮರಗಳನ್ನು ನಾವೇ ಕಂಡೆವು. ಹೊಸ ಕಂಬವೊಂದನ್ನು ಕೈಯಲ್ಲಿ ತೂಗುತ್ತ ಆ ಗೃಹಸ್ಥರು, ಇದರ ಮುಂದಿನ ರಿಪೇರಿಗೆ ಮರವೆಲ್ಲಿಯದೋ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆಗಸ್ಟ್ ಬಂದಿತು. ಬಲಪಾರ್ಶ್ವವು ಮುಗಿದಿತ್ತು, ಎಡವು ಮುಗಿದಿರಲಿಲ್ಲ. ಎಡದ ಹಳೆಯ ಮರವನ್ನೇ ಇಟ್ಟುಕೊಂಡು ಅದೊಂದು ದಿನ ಮೆಲ್ಲನೆ ನಡೆಸಬಹುದಲ್ಲ ಎಂದು ಬಂಧುಗಳು ಹೇಳಿದರು. ಚರ್ಚಿಗೆ ಒಂದೂವರೆ ಮೈಲಿಯೂ ಇಲ್ಲ. ಅವರು ಒಪ್ಪಲಿಲ್ಲ. ಮೊಮ್ಮಗಳು ಒಂದು ದಿನವೆಲ್ಲ ಮುನಿಸಿಕೊಂಡಿದ್ದು, ಕಡೆಗೆ ಬಾಡಿಗೆಯ ಗಾಡಿಯಲ್ಲಿ ಹೋದಳು. ಹೊರಡುವ ಮುನ್ನ ಬಿಳಿಯ ಉಡುಪಿನಲ್ಲಿಯೇ ಕೊಟ್ಟಿಗೆಗೆ ಬಂದಳು. ವಾರ್ನಿಷ್ ಒಣಗಿಲ್ಲ, ದೂರ ನಿಲ್ಲು ಎಂದು ಅಜ್ಜ ಕೂಗಿದರೂ ಕೇಳದೆ ಹೊಸ ಮರದ ಮೇಲೆ ಬೆರಳಿಟ್ಟಳು. ಒಂದು ಬೆರಳಿನ ಗುರುತು ಕಂಬದ ಮೇಲೆ ಮೂಡಿತು.

ಸೆಪ್ಟೆಂಬರಿನಲ್ಲಿ ನಾವು ಹೊರಟೆವು. ನಮ್ಮ ಮನೆಯಾಕೆ ಮಾಡಿಕೊಟ್ಟ ಚಕ್ಕುಲಿಯ ಡಬ್ಬಿಯು ಖಾಲಿಯಾಗಿ, ಅದರಲ್ಲಿ ಎಡಗಡೆಯ ತಿರುಪುಮೊಳೆಗಳು ತುಂಬಿದ್ದವು. ಬಲಗಡೆಗೆ ಮತ್ತೊಂದು ಲೇಪವನ್ನು ಕೊಡುವುದಿತ್ತು. ಬೆರಳಿನ ಗುರುತಿದ್ದ ಸ್ಥಳವನ್ನು ಬಿಟ್ಟು ಸುತ್ತಲೂ ತಿಕ್ಕಿದ್ದರು.